ನೀರಿಗೆ ಬೆನ್ನು ಹಾಕಿ

ಸೂಳೆಕೆರೆಗೆ ಬಂದವರೆಲ್ಲ ನೀರಿನ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ತಪ್ಪೇನಿಲ್ಲ, ಸುಮಾರು 6,500 ಎಕರೆ ನೀರು ಕಣ್ಣೆದುರು ಹರಡಿರುವಾಗ ಬೇರೆ ಕಡೆ ಯಾರು ನೋಡಿಯಾರು? ಹಕ್ಕಿಪ್ರಿಯರ ಬೈನಾಕ್ಯುಲರೂ ನೀರುಕಾಗೆ, ಬೆಳ್ಳಕ್ಕಿಗಳ ಮೇಲೆಯೇ. ಆದರೆ ಎರಡು ಗುಡ್ಡಗಳ ಸಂದು ಮುಚ್ಚಿ ಕಟ್ಟಿದ ಏರಿ ಇಳಿದು, ಸಿದ್ಧನಾಲೆ, ಬಸವನಾಲೆಗಳ ನೀರುಂಡ ತೆಂಗು ಅಡಿಕೆಯ ತೋಟಗಳತ್ತ ತಿರುಗಿದರೆ ಆಟವೇ ಬೇರೆ.

ಮೊದಲು ಬರುವುದು ಕೂಗು, ಕಿರುಚಿ ನಕ್ಕಂಥ ಉದ್ದನೆಯ ಸರ. ಅದರ ಹಿಂದೆಯೇ ಗಾಳಿಯಲ್ಲಿ ಏರಿಳಿಯುತ್ತ ಬಂದ ಹೊನ್ನಬೆನ್ನಿನ ಮರಕುಟಿಗ ತೆಂಗಿನ ಕಾಂಡಕ್ಕೆ ಟಪ್ಪನೆ ಅಂಟಿಕೊಳ್ಳುತ್ತದೆ. ಕೆಂಪು ಜುಟ್ಟು, ಹೊಂಬಣ್ಣದ ಬೆನ್ನು, ಕಪ್ಪು ಸೊಂಟ. ನೆತ್ತಿಯ ಮುಂಭಾಗದ ಕಪ್ಪಿನಲ್ಲಿ ಬಿಳಿ ಚುಕ್ಕೆ ಎದ್ದು ಕಂಡರೆ ಹೆಣ್ಣು. ನೀವು ನೋಡುತ್ತಿದ್ದೀರೆಂದು ಗೊತ್ತಾದೊಡನೆ ಕಾಂಡದ ಆ ಬದಿಗೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಕುಪ್ಪಳಿಸಿ ಮೇಲೇರುವಾಗ ಬಿರುಸಾದ ಬಾಲವನ್ನು ತೊಗಟೆಗೆ ಆನಿಸುತ್ತದೆ. ಅದು ಮೂರನೆಯ ಕಾಲು. ಮರಕುಟಿಗಗಳು ಗರಿ ಬದಲಿಸುವಾಗ ಬಾಲದ ನಡುವಿನ ಜೋಡಿ ಗರಿ ಕಡೆಗೆ ಉದುರುವುದು ಇದಕ್ಕೇ. ಹೊಸವು ಬಲಿಯುವ ತನಕ ಮೈಭಾರ ಹೊರಲು ಹಳೆಯವು ಬೇಕಲ್ಲ!

ಟಕ್, ಟಕ್. ನಿಂತು ಆಲಿಸಿ, ಮತ್ತೆ ಟಕ್. ತೊಗಟೆ ಚಕ್ಕೆ ಉದುರಿತೋ, ಅಂಟುಳ್ಳ ನಾಲಿಗೆ ಬಿರುಕಿನೊಳಗೆ ಇಳಿದು ಇರುವೆಗಳನ್ನು ಹೊರಗೆಳೆಯುತ್ತದೆ. ಅಷ್ಟುದ್ದದ ನಾಲಿಗೆಯ ಆಧಾರ ತಲೆಬುರುಡೆಯ ಹಿಂಬದಿಯನ್ನು ಬಳಸಿ ನೆತ್ತಿಗೆ ಹತ್ತಿರುತ್ತದೆ. ಇಷ್ಟು ಕುಟ್ಟಿದರೂ ತಲೆ ನೋಯದೆ? ಬುರುಡೆಯೊಳಗೆ ಏಟು ತಾಳುವ ಮೆತ್ತೆಯಂಥ ಏರ್ಪಾಡಿದೆ ಎಂದೇ ಬಹುಕಾಲ ನಂಬಿದ್ದರು. 2022ರಲ್ಲಿ ಬೆಲ್ಜಿಯಂ ವಿಜ್ಞಾನಿಗಳ ನೇತೃತ್ವದ ತಂಡ ಅತಿವೇಗದ ವಿಡಿಯೊಗಳನ್ನು ಅಳೆದು ಅದನ್ನು ಅಲ್ಲಗಳೆಯಿತು. ಮೆತ್ತೆಯಿದ್ದರೆ ಏಟಿನ ಬಲವೇ ಸೋರಿಹೋಗುತ್ತಿತ್ತು. ಮಿದುಳು ಪುಟ್ಟದಾದ್ದರಿಂದ ಆ ಪೆಟ್ಟು ತಾಳಿಕೊಳ್ಳುತ್ತದೆ. ನನಗಂತೂ ಹಳೆಯ ವಿವರಣೆಗಿಂತ ಇದೇ ಸೊಗಸು.

ಗುಡ್ಡದ ಕುರುಚಲಿನತ್ತ ನಡೆದರೆ ಕಣ್ಣು ಕಿರಿದಾಗಿಸಬೇಕು. ಕಿರು ಮರಕುಟಿಗ ಇದ್ದರೂ ಇರುವುದು 13 ಸೆಂಟಿಮೀಟರ್, ಅದೂ ಬೆರಳು ಗಾತ್ರದ ರೆಂಬೆಯ ಮೇಲೆ.

ಮರಕುಟಿಗಗಳಿಗೆ ಏರುವುದಷ್ಟೇ ಸಲೀಸು. ಇಳಿಯಬೇಕಾದರೆ ಹಿಂದುಹಿಂದಕ್ಕೆ ಕುಪ್ಪಳಿಸುತ್ತವೆ. ತಲೆಕೆಳಗಾಗಿ ಸರಸರ ಇಳಿಯುವ ನೀಲಿಮೈ, ಕೆಂಪು ಕೊಕ್ಕಿನ ನಟ್‌ಹ್ಯಾಚ್ ನೋಡಲು ಪಶ್ಚಿಮಕ್ಕೆ, ಮಲೆನಾಡಿನ ಕಾಡಿಗೆ ಹೋಗಬೇಕು. ಅದಕ್ಕೆ ಬಾಲದ ಹಂಗಿಲ್ಲ. ಒಂದು ಕಾಲು ಮೇಲೆ ಕಚ್ಚಿ ಹಿಡಿದರೆ ಇನ್ನೊಂದು ಕೆಳಗೆ ಆನುತ್ತದೆ, ಅಷ್ಟೇ.

ತೋಟದಲ್ಲಿ ಸುಳಿ ಕೊಳೆತು ಬೋಳಾದ ತೆಂಗು ಬೇಸಾಯಗಾರನಿಗೆ ದಂಡ, ಇಂದೋ ನಾಳೆಯೋ ಕೊಡಲಿಗೆ ಹೋಗುವ ಮರ. ಮರಕುಟಿಗಕ್ಕೆ ಅದೇ ಹೇಳಿ ಮಾಡಿಸಿದ ಮನೆ. ಅದು ಕೊರೆದ ಪೊಟರೆಗಾಗಿ ಮೈನಾ, ಗಿಳಿಗಳು ಹೊಂಚುತ್ತವೆ. ಕೊರೆದವರು ಮನೆ ಬಿಡುವವರೆಗೆ ಕಾಯುವ ಸೌಜನ್ಯ ಮೈನಾಗಳಿಗೆ ಯಾವಾಗಲೂ ಇರುವುದಿಲ್ಲ.