ಮರಳಿ ಬಂದುದನ್ನು ಕಾಣದ ಕಣ್ಣು

"ಕಣ್ಣಾರೆ ಕಂಡೆನು" ಎಂಬ ಸಾಕ್ಷಿಯ ಮಾತಿಗೆ ನ್ಯಾಯಸ್ಥಾನದಲ್ಲಿ ಬಹಳ ಬೆಲೆಯುಂಟು. ಆದರೆ ಕಣ್ಣು ಎಣಿಕೆಯಲ್ಲಿ ತಪ್ಪುವುದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಕ್ಯಾನ್‌ವಿಷರ್ ಅವರು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ವಾಚಕರು ತಿಳಿಯಬಹುದು. ಸೆಕೆಂಡಿಗೆ ಸುಮಾರು ಎಂಟರಂತೆ, ಒಂದೇ ಸ್ಥಳದಲ್ಲಿ, ಪದಗಳು ಒಂದಾದಮೇಲೊಂದು ಮಿಂಚಿ ಮಾಯವಾಗುವುವು. "ಶಾಯಿ ಚೆಲ್ಲಲು ಎಲ್ಲೆಲ್ಲಿಯೂ ಶಾಯಿಯಾಯಿತು" ಎಂಬಂತಹ ವಾಕ್ಯದಲ್ಲಿ ನೋಡಿದವರು ಎರಡನೆಯ ಶಾಯಿಯನ್ನು ಎಷ್ಟೋ ಸಲ ಹೇಳಲೇ ಇಲ್ಲ. ವಾಕ್ಯವು ಕುಂಟಾದರೂ ಅವರಿಗೆ ಚಿಂತೆಯಿಲ್ಲ! ಚಿತ್ರಗಳಲ್ಲಿಯೂ ಇದೇ ಕಥೆ; ಗಾತ್ರವೋ ನೋಟದ ದಿಕ್ಕೋ ಬದಲಾದರೂ ಅದೇ ವಸ್ತುವಿನ ಎರಡನೆಯ ಬರವು ತಪ್ಪಿಹೋಗುವುದೆಂದು 1999ರಲ್ಲಿ ತೋರಿಬಂದಿತು.

ಕಾರಣವೇನು? "ಇದು ಶಾಯಿ" ಎಂದು ಮನಸ್ಸು ಜಾತಿಯನ್ನು ಗುರುತಿಸುವುದು. "ಇದು ಇನ್ನೊಂದು" ಎಂದು ವ್ಯಕ್ತಿಯನ್ನು ಬೇರ್ಪಡಿಸಲು ಅದಕ್ಕೆ ಬಿಡುವು ಸಾಲದು. ಇದು ಕ್ಯಾನ್‌ವಿಷರ್ ಅವರ ಮತ. (ಜಾತಿ, ವ್ಯಕ್ತಿ ಎಂಬ ಈ ಭೇದವು ನಮ್ಮ ತಾರ್ಕಿಕರಿಗೆ ಹೊಸತಲ್ಲ.) ಕಂಡುದು ಸರಿ, ನೆನಪಿನಲ್ಲಿಯೇ ಜಾರಿತೆಂದು ವಾದಿಸುವ ವಿದ್ವಾಂಸರೂ ಉಂಟು. ಪ್ರಯೋಗಶಾಲೆಯ ಮಾತು ಬೀದಿಯ ಗದ್ದಲಕ್ಕೆ ಪೂರ್ತಿ ಹೊಂದಲಾರದು, ನಿಜ. ಆದರೂ ಕ್ಷಣದಲ್ಲಿ ನಡೆದುಹೋದ ಹೊಡೆದಾಟದಲ್ಲಿ ಕೋಲು ಎಷ್ಟು ಬಾರಿ ಎದ್ದಿತೆಂದು ಸಾಕ್ಷಿಯನ್ನು ಪೀಡಿಸಿ, ಲೆಕ್ಕ ತಪ್ಪಿದೊಡನೆ ಸುಳ್ಳುಗಾರನೆನ್ನುವ ವಕೀಲರು ಇದನ್ನು ಬಲ್ಲರೆ? ಅದೇ ಪದಗಳನ್ನು ನಿಧಾನವಾಗಿ ತೋರಿಸಿದಲ್ಲಿ ಅದೇ ಕಣ್ಣು ಎರಡು ಶಾಯಿಗಳನ್ನೂ ಕಾಣುವುದು.