ಕೆರೆಯ ದಾರಿ ಹಿಡಿದು

ಬೇಸಗೆಯ ರಜೆ ಹತ್ತಿರವಾದಂತೆ ನಮ್ಮ ಪಟ್ಟಣಗಳ ಮನೆಮನೆಯಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಮಕ್ಕಳಿಗೆ ಕಡಲು ಬೇಕು, ಹಿರಿಯರಿಗೆ ಕ್ಷೇತ್ರ ಬೇಕು, ನಡುವಯಸ್ಸಿನವರಿಗೆ ಬೆಟ್ಟದ ತಂಪು ಬೇಕು. ಕೆರೆಗಳನ್ನು ನೋಡಿಕೊಂಡು ಬರೋಣ ಎಂದು ಹೊರಟವರು ವಿರಳ. ಆದರೆ ಅರಸೀಕೆರೆ, ತರೀಕೆರೆ, ಹೊಳಲ್ಕೆರೆ, ಹಿರೇಕೆರೂರು ಎಂದು ನಮ್ಮ ಊರುಗಳು ತಮ್ಮ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತುಕೊಂಡಿವೆ. ಕಿಟಕಿಯಿಂದ ಹೆಸರಿನ ಹಲಗೆಯನ್ನು ಓದಿ ಮುಂದೆ ಸಾಗುವ ನಾವು ಆ ಹೆಸರಿಗೆ ಕಾರಣವಾದ ನೀರನ್ನು ಕಾಣಲು ಇಳಿಯುವುದಿಲ್ಲ. ಹಾಗೆ ಇಳಿದು ನೋಡುವ ಒಂದು ಪ್ರವಾಸವನ್ನು ಹೇಗೆ ಹೂಡಬಹುದೆಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬಯಸುತ್ತೇನೆ.

ಬೇಸಗೆಯಲ್ಲಿ ಕೆರೆ ನೋಡುವುದೆ, ಎಂದು ಕೆಲವರು ನಗಬಹುದು. ತುಂಬಿದ ಕೆರೆ ಕಣ್ಣಿಗೆ ಹಬ್ಬ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ತುಂಬಿದ ಕೆರೆ ತನ್ನ ರಚನೆಯನ್ನು ನೀರಿನೊಳಗೆ ಮುಚ್ಚಿಟ್ಟುಕೊಂಡಿರುತ್ತದೆ. ನೀರು ಇಳಿದಾಗಲೇ ಏರಿಯ ಒಳಮೈಗೆ ಹಾಸಿದ ಕಲ್ಲು, ತೂಬಿನ ಕಂಬ, ಹಳ್ಳ ಬಂದು ಕೂಡುವ ಬಾಯಿ, ಅಂಗಳದಲ್ಲಿ ಬಿರುಕುಬಿಟ್ಟ ಹೂಳು ಇವೆಲ್ಲ ಕಾಣುವುದು. ಹಳೆಯ ಓಲೆಗರಿಗೆ ಮಸಿ ಸವರಿದಾಗ ಅಕ್ಷರ ಮೂಡುವಂತೆ, ಬಿಸಿಲು ಕೆರೆಯ ಬರವಣಿಗೆಯನ್ನು ಎತ್ತಿ ತೋರಿಸುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡವನ್ನೂ ಶಾಸನಗಳನ್ನೂ ಪಾಠ ಹೇಳಿದ ನನಗೆ ಕೆರೆಯೂ ಓದಬೇಕಾದ ಒಂದು ಗ್ರಂಥವೆಂದೇ ತೋರಿದೆ.

ಓದುವುದಕ್ಕೆ ಮೊದಲು ಅಕ್ಷರಮಾಲೆ ತಿಳಿಯಬೇಕಷ್ಟೆ. ನೀರನ್ನು ತಡೆದು ನಿಲ್ಲಿಸುವ ದಿಬ್ಬ ಏರಿ. ಬೇಕಾದಷ್ಟನ್ನು ಗದ್ದೆಗೆ ಬಿಡುವ ಕಂಡಿ ತೂಬು. ಹೆಚ್ಚಾದದ್ದನ್ನು ಏರಿಗೆ ಅಪಾಯವಾಗದಂತೆ ಹೊರಗೆ ಹರಿಸುವ ತಗ್ಗು ಕೋಡಿ. ತೂಬಿನ ನೀರುಣ್ಣುವ ಭೂಮಿ ಅಚ್ಚುಕಟ್ಟು. ಈ ನೀರನ್ನು ಸರದಿಯ ಪ್ರಕಾರ ಹಂಚುವವನು ನೀರಗಂಟಿ. ಇವುಗಳ ಜೊತೆಗೆ ನಮ್ಮ ಶಾಸನಗಳಲ್ಲಿ ಬಿತ್ತುವಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಇಲ್ಲವೆ ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿಯ ಅಥವಾ ಬೆಳೆಯ ಪಾಲಿನ ಹೆಸರುಗಳಿವು. ಏರಿಗೆ ಮಣ್ಣು ಹೊರುವ ಬಂಡಿಗೂ ಕೋಣಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ಕೆರೆಯನ್ನು ಕಟ್ಟುವುದು ಒಂದು ದಿನದ ಪುಣ್ಯ, ಕಾಯುವುದು ದಿನದಿನದ ದುಡಿಮೆ ಎಂಬ ಅರಿವು ಹಿಂದಿನವರಿಗಿತ್ತು.

ಕೆರೆ ಎಲ್ಲಿರಬೇಕು, ಹೇಗಿರಬೇಕು ಎಂಬುದಕ್ಕೂ ಅವರಲ್ಲಿ ಲಕ್ಷಣವಿತ್ತು. ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನ ೧೩೬೯ರದು. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಹೇಳುತ್ತದೆ. ದಿನವೂ ಸಾವಿರ ಆಳು, ನೂರು ಬಂಡಿ ದುಡಿದು ಎರಡು ವರ್ಷದಲ್ಲಿ ಕೆಲಸ ಮುಗಿಯಿತೆಂಬ ಲೆಕ್ಕವೂ ಅದರಲ್ಲಿದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಣ್ಣೆಯಿರುವುದು ಇವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು ದೋಷ. ಮೈಸೂರು ಮತ್ತು ಮದರಾಸುಗಳ ನಡುವಣ ೧೮೯೨ರ ಒಪ್ಪಂದವನ್ನು ಬಲ್ಲವರಿಗೆ ಈ ಕೊನೆಯ ಮಾತಿನ ದೂರದೃಷ್ಟಿಯನ್ನು ವಿವರಿಸಬೇಕಾಗಿಲ್ಲ. ಸಾಧನಗಳಲ್ಲಿ ಮುಖ್ಯವಾದದ್ದು ಹೊಳೆಯು ಬೆಟ್ಟಗಳ ನಡುವೆ ನುಸುಳುವ ಇಕ್ಕಟ್ಟಿನ ಜಾಗ. ಅಲ್ಲಿ ಚಿಕ್ಕ ಏರಿ ದೊಡ್ಡ ನೀರನ್ನು ಹಿಡಿಯುತ್ತದೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಾವು ಕಾಣುವ ದೊಡ್ಡ ಕೆರೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಇನ್ನು ದಾರಿ. ಕೆರೆಯ ಪ್ರವಾಸಕ್ಕೆ ನನ್ನ ಮೊದಲ ಸೂಚನೆ ಇಷ್ಟೆ: ಹೆದ್ದಾರಿಯನ್ನು ಅನುಸರಿಸಬೇಡಿ, ನೀರನ್ನು ಅನುಸರಿಸಿ. ಐದಾರು ದಿನಗಳ ಬಿಡುವಿದ್ದರೆ ವೇದಾವತಿ, ಕುಮುದ್ವತಿ ಎಂಬ ಎರಡು ಹೊಳೆಗಳ ಜಾಡನ್ನು ಹಿಡಿಯಬಹುದು. ಕಡೂರು, ಚಿತ್ರದುರ್ಗ, ಶಿಕಾರಿಪುರ ಈ ಮೂರು ಕಡೆ ರಾತ್ರಿಯ ತಂಗು ಗೊತ್ತುಮಾಡಿಕೊಂಡರೆ ಸಾಕು. ಪ್ರವಾಸಿ ಮಂದಿರ ಬೇಕೆನ್ನುವವರು ಮೊದಲೇ ಅನುಮತಿ ಪಡೆಯಬೇಕು. ವಾಹನ ಚಿಕ್ಕದಿರಲಿ, ಏರಿಯ ಮೇಲಿನ ದಾರಿ ಎಷ್ಟೋ ಕಡೆ ಒಂದು ಬಂಡಿಯ ಅಗಲ ಮಾತ್ರ. ಬೆಳಗಿನ ಆರರಿಂದ ಹತ್ತರವರೆಗೆ ನೋಡುವುದು, ಬಿಸಿಲಿನಲ್ಲಿ ಊರೊಳಗೆ ನೆರಳು ಹಿಡಿಯುವುದು, ನಾಲ್ಕರ ಮೇಲೆ ಮತ್ತೆ ಹೊರಡುವುದು: ಇದು ಬಯಲುಸೀಮೆಯ ಬೇಸಗೆಯ ಕ್ರಮ.

ಹೊಯ್ಸಳರ ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯಲ್ಲಿ ಪ್ರವಾಸವನ್ನು ಮೊದಲುಮಾಡಿ. ಅಲ್ಲಿಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಿ, ತೆಂಗಿನ ಸೀಮೆಯ ಎಳನೀರು ಕುಡಿದು ಕಡೂರಿಗೆ ಬನ್ನಿ. ಬಾಬಾಬುಡನ್‌ಗಿರಿಯ ಮೂಡಣ ತಪ್ಪಲಿನಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳಗಳು ಹುಟ್ಟುತ್ತವೆ. ವೇದಾ ಹಳ್ಳ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಾಗಿ ನಿಲ್ಲುತ್ತದೆ. ಅವತಿ ಮದಗದ ಕೆರೆಯಾಗುತ್ತದೆ. ಎರಡೂ ಕೆರೆಗಳನ್ನು ದಾಟಿದ ನೀರು ಕಡೂರಿನ ಆಚೆ ಕೂಡಿ ವೇದಾವತಿ ಎಂಬ ಹೆಸರು ತಳೆಯುತ್ತದೆ. ಅಯ್ಯನಕೆರೆಯ ಹಿಂದೆ ಶಕುನಗಿರಿ ನಿಂತಿದೆ. ಏರಿಯ ಮೇಲೆ ನಿಂತು ಒಮ್ಮೆ ಬೆಟ್ಟದ ಕಡೆಗೆ, ಒಮ್ಮೆ ಕೆಳಗಿನ ತೋಟಗಳ ಕಡೆಗೆ ನೋಡಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಸಿರು. ನಡುವೆ ಯಾರೋ ಹೊತ್ತುಹಾಕಿದ ಮಣ್ಣು.

ಕೆರೆಯ ನೀರಿಗೆ ಕೊಟ್ಟ ಬೆಲೆಯನ್ನು ನಮ್ಮ ಜನಪದ ಕಥನಗೀತೆಗಳು ಮರೆತಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಟ್ಟ ಕತೆ ತಮಗೆಲ್ಲ ತಿಳಿದದ್ದೇ. ಅದು ನಡೆದದ್ದೋ ಇಲ್ಲವೋ ಎಂಬ ಪ್ರಶ್ನೆ ಇರಲಿ. ಊರು ಬದುಕಲು ಬೇಕಾದ ನೀರಿನ ಸಾಲವನ್ನು ಮನೆಯಲ್ಲಿ ದನಿಯಿಲ್ಲದವಳಿಂದ ತೀರಿಸಿದರು ಎಂಬ ಸತ್ಯವನ್ನು ಆ ಹಾಡು ಹೇಳುತ್ತದೆ. ಹಾಡಿದವರೂ ಕೆರೆಯಿಂದ ನೀರು ಹೊತ್ತವರೂ ಹೆಣ್ಣುಮಕ್ಕಳೇ ಎಂಬುದನ್ನು ಏರಿಯ ಮೇಲೆ ನಿಂತಾಗ ನೆನೆಯಬೇಕು.

ವೇದಾವತಿಯನ್ನು ಹಿಡಿದು ಹೊಸದುರ್ಗದ ಸೀಮೆಯನ್ನು ದಾಟಿದರೆ ಹಿರಿಯೂರಿಗೆ ಸುಮಾರು ೨೦ ಕಿಲೋಮೀಟರ್ ದೂರದಲ್ಲಿ ಮಾರಿಕಣಿವೆ. ಕಣಿವೆ ಮಾರಮ್ಮನ ಹೆಸರಿನ ಆ ಇಕ್ಕಟ್ಟಿನಲ್ಲಿ ಮೈಸೂರು ಸಂಸ್ಥಾನವು ಕಟ್ಟಿ, ೧೯೦೭ರಲ್ಲಿ ಮುಗಿಸಿದ ಅಣೆಕಟ್ಟೇ ವಾಣಿವಿಲಾಸಸಾಗರ. ಪೋರುಮಾಮಿಳ್ಳದ ಶಾಸನಕಾರನು ಮೆಚ್ಚಬಹುದಾದ ಜಾಗ. ಸುಮಾರು ೩೦ ಟಿಎಂಸಿ ನೀರು ಹಿಡಿಯುವ ಈ ಜಲಾಶಯ ೧೯೩೩ರಲ್ಲಿ ತುಂಬಿ ಕೋಡಿ ಹರಿಯಿತು. ಆ ಬಳಿಕ ಕೋಡಿ ಹರಿದದ್ದು ೨೦೨೨ರಲ್ಲಿ. ನಡುವೆ ೮೯ ವರ್ಷ. ಅಜ್ಜ ಕಂಡದ್ದನ್ನು ಮಗ ಕಾಣದೆ, ಮೊಮ್ಮಗ ಕಂಡ. ೨೦೨೫ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು: ಹಿನ್ನೀರು ಶಾಂತವಾಗಿ ಕಂಡರೂ ಇಳಿದು ಈಜಬೇಡಿ. ಕೆಸರೂ ಆಳವೂ ಮೇಲಿನಿಂದ ತಿಳಿಯುವುದಿಲ್ಲ.

ಅಲ್ಲಿಂದ ಹಿರಿಯೂರಿನ ಮೂಲಕ ಚಿತ್ರದುರ್ಗಕ್ಕೆ ಬನ್ನಿ. ಕೋಟೆ ನೋಡುವವರು ಬುರುಜುಗಳನ್ನು ಎಣಿಸುತ್ತಾರೆ. ತಾವು ಹೊಂಡಗಳನ್ನು ಎಣಿಸಿ. ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಹೆಚ್ಚಿನ ನೀರು ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡ ಜಾಣ್ಮೆಯಿದು. ಸಂಜೆ ಚಂದ್ರವಳ್ಳಿಗೆ ಹೋಗಿ. ಅಲ್ಲಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಕನ್ನಡ ನಾಡಿನ ಮೊದಲ ಅರಸುಮನೆತನವನ್ನು ಕಟ್ಟಿದವನು ಕಲ್ಲಿನ ಮೇಲೆ ಬರೆಸಿದ ಸಂಗತಿ ಒಂದು ಕೆರೆಯದು.

ಚಿತ್ರದುರ್ಗದಿಂದ ಪಡುವಣಕ್ಕೆ, ಅಡಕೆಯ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರವನ್ನು ನೋಡಿಕೊಂಡು ಹೊಳಲ್ಕೆರೆಯ ಮೇಲೆ ಚನ್ನಗಿರಿಯ ಸೀಮೆಗೆ ಹೋದರೆ ಸೂಳೆಕೆರೆ. ಹರಿದ್ರಾ ಹಳ್ಳ ಬೆಟ್ಟಗಳ ನಡುವೆ ನುಸುಳುವೆಡೆಯಲ್ಲಿ ಹಾಕಿದ ಏರಿ ಗಿಡ್ಡದು, ಹಿಂದೆ ನಿಂತ ನೀರು ಮಾತ್ರ ಕಣ್ಣಳತೆಗೆ ಮೀರಿದ್ದು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಇದರ ನೀರನ್ನು ಒಯ್ಯುತ್ತವೆ. ನಾಗರಿಕರು ಹೆಸರಿಗೆ ನಾಚಿ ಶಾಂತಿಸಾಗರ ಎನ್ನುತ್ತಾರೆ. ಐತಿಹ್ಯವೇನು? ಕೆರೆ ಕಟ್ಟಿಸಹೊರಟ ರಾಜಕುಮಾರಿ ಶಾಂತವ್ವೆಗೆ ಬೇಕಾದ ನೆಲ ಸೂಳೆಯರದಾಗಿತ್ತು. ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಕತೆ ನಿಜವೆಂದೇ ಇಟ್ಟುಕೊಂಡರೆ ಹೆಸರು ಬದಲಿಸಿದವರು ಕರಾರು ಮುರಿದವರಾಗುತ್ತಾರೆ. ಅಲ್ಲಿ ದಾರಿ ಕೇಳುವಾಗ ತಾವು ಹಳೆಯ ಹೆಸರನ್ನೇ ಕೇಳಿ. ಹಳ್ಳಿಯವರಿಗೆ ಅದರಲ್ಲಿ ಸಂಕೋಚವಿಲ್ಲ. ಹಸಿವಾದರೆ ದಾವಣಗೆರೆ ದೂರವಲ್ಲ, ಬೆಣ್ಣೆದೋಸೆಗೂ ಮಂಡಕ್ಕಿ–ಮೆಣಸಿನಕಾಯಿಗೂ ನನ್ನ ಶಿಫಾರಸು ಬೇಕಾಗಿಲ್ಲ.

ಮುಂದಿನ ಹೊಳೆ ಕುಮುದ್ವತಿ. ಹುಂಚದ ಕಡೆ ಹುಟ್ಟಿ ಅದು ಶಿಕಾರಿಪುರದ ಸೀಮೆಗೆ ಬರುತ್ತದೆ. ಶಿಕಾರಿಪುರದಲ್ಲಿ ತಂಗಿ ಬೆಳಗ್ಗೆ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಕಾವ್ಯವಿದೆ. ಮಯೂರಶರ್ಮನು ಅವಮಾನಗೊಂಡು ಕತ್ತಿ ಹಿಡಿದ ಕತೆಗಾಗಿ ನಾವೆಲ್ಲ ಅದನ್ನು ಓದಿದ್ದೇವೆ. ಆದರೆ ಶಾಸನದ ಉದ್ದೇಶ ಅದಲ್ಲ. ಅವನ ವಂಶದ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯಕ್ಕೆ ನೀರಾಗಲೆಂದು ಒಂದು ಕೆರೆ ತೋಡಿಸಿದನೆಂಬುದನ್ನು ಹೇಳುವುದಕ್ಕಾಗಿ ಅಷ್ಟು ಕಾವ್ಯ ಹುಟ್ಟಿತು. ಯುದ್ಧ ಪೀಠಿಕೆ, ಕೆರೆ ವಿಷಯ. ಈ ಕ್ರಮವನ್ನು ನಮ್ಮ ಚರಿತ್ರೆಯ ಪಠ್ಯಗಳು ತಲೆಕೆಳಗು ಮಾಡಿವೆ. ಹತ್ತಿರದಲ್ಲೇ ಅಲ್ಲಮನ ಬಳ್ಳಿಗಾವೆ ಇದೆ. ಅಲ್ಲಿಯ ಕೇದಾರೇಶ್ವರವೂ ಕೆರೆಯ ಪಕ್ಕದಲ್ಲಿಯೇ.

ಕೊನೆಯ ನಿಲುಗಡೆ, ಹಾವೇರಿ ಜಿಲ್ಲೆಯ ಮಾಸೂರಿನ ಬಳಿಯ ಮದಗ. ಕಡೂರಿನ ಮದಗದ ಕೆರೆಯನ್ನು ನೋಡಿಬಂದವರು ಇದು ಬೇರೆಯೆಂದು ನೆನಪಿಡಬೇಕು. ತಮಿಳಿನಲ್ಲಿ ಮದಗು ಎಂದರೆ ತೂಬು. ಹೆಸರಿನ ನಂಟು ಅಲ್ಲಿರಬೇಕು. ಇಲ್ಲಿಂದ ಮಾತೂ ಬದಲಾಗುತ್ತದೆ. ಏರಿ ಎಂದರೆ ತಡವರಿಸುವವರು ಒಡ್ಡು ಎಂದೊಡನೆ ಕೈಮಾಡಿ ತೋರಿಸುತ್ತಾರೆ. ವಿಜಯನಗರದ ಕಾಲದಲ್ಲಿ ಕುಮುದ್ವತಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಭಾರಿ ಒಡ್ಡುಗಳನ್ನು ಹಾಕಿ ಕಟ್ಟಿದ ಈ ಕೆರೆ ಒಂದು ಕಾಲಕ್ಕೆ ಒಡೆದುಹೋಯಿತು. ಇಂದು ನಾವು ಕಾಣುವುದು ಹಿಂದಿನದರ ಒಂದು ಪಾಲು ಮಾತ್ರ. ಆ ಒಡ್ಡುಗಳ ಬೃಹತ್ ಗಾತ್ರದ ಮುಂದೆ ನಿಂತಾಗ ಮೊದಲು ಬೆರಗಾಗುತ್ತದೆ, ಆಮೇಲೆ ಮನಸ್ಸು ಮೌನವಾಗುತ್ತದೆ. ಎಷ್ಟು ದೊಡ್ಡ ಕೆರೆಯಾದರೂ ಅದರ ಬದುಕು ನೀರು ಹೊರಹೋಗುವ ದಾರಿಯನ್ನು ಅವಲಂಬಿಸಿದೆ.

ಈ ಎಲ್ಲ ಊರುಗಳಿಗೂ ಅನ್ವಯಿಸುವ ಒಂದು ಸೂಚನೆ ಉಳಿದಿದೆ. ಊರಿಗೆ ಹೋದೊಡನೆ ದೇವಸ್ಥಾನ ಎಲ್ಲಿ ಎಂದು ಕೇಳುವ ಬದಲು ಹಿರಿಯರೊಬ್ಬರನ್ನು, ಕೋಡಿ ಎಲ್ಲಿದೆ, ಕೊನೆಯ ಸಲ ಯಾವಾಗ ಹರಿಯಿತು ಎಂದು ಕೇಳಿ. ಮೊದಲು ತಮ್ಮನ್ನು ಸರ್ವೆಯವರೆಂದು ಅನುಮಾನಿಸಬಹುದು. ಅನುಮಾನ ಹರಿದ ಮೇಲೆ ಅವರು ಆಡುವ ಮಾತು ಯಾವ ಕೈಪಿಡಿಯಲ್ಲಿಯೂ ಸಿಕ್ಕದು: ಯಾವ ವರ್ಷ ಬಾಗಿನ ಬಿಟ್ಟರು, ಯಾರು ಹೂಳು ತೆಗೆಸಿದರು, ಯಾವ ಹಳ್ಳದ ಬಾಯಿಗೆ ಮಣ್ಣು ಬಿದ್ದು ನೀರು ನಿಂತಿತು. ನೀರಗಂಟಿಯ ಮನೆತನದವರು ಇನ್ನೂ ಇದ್ದರೆ ಅವರನ್ನು ಕಾಣದೆ ಬರಬೇಡಿ. ಕೆರೆಯಂಗಳದಲ್ಲಿ ಬುತ್ತಿ ಬಿಚ್ಚಿದವರು ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಕಟ್ಟಿಕೊಂಡು ಬರತಕ್ಕದ್ದೆಂದು ತಿಳಿದವರಿಗೆ ಹೇಳಬೇಕಾಗಿಲ್ಲ.

ಮನೆಗೆ ಮರಳಿದ ಮೇಲೆ ಈ ಪ್ರವಾಸಕ್ಕೆ ಇನ್ನೊಂದು ದಿನವನ್ನು ಕೂಡಿಸಿ. ಆ ದಿನ ತಮ್ಮ ಊರಿನ ಕೆರೆಗೆ ಹೋಗಿ, ಅದೇ ಪ್ರಶ್ನೆಯನ್ನು ಕೇಳಿ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಇಂದು ಬಸ್ಸುಗಳ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವಿದೆ. ಕೆರೆ ಹೋದರೂ ಮಳೆ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಕೋಡಿಯನ್ನು ಹುಡುಕಿಕೊಂಡು ಅದು ಬೀದಿಗೂ ಮನೆಗೂ ನುಗ್ಗುತ್ತದೆ. ತಮ್ಮ ಊರಿನ ಕೋಡಿ ಎಲ್ಲಿತ್ತೆಂಬುದನ್ನು ಹೇಳಬಲ್ಲವರು ಒಬ್ಬರಾದರೂ ಇದ್ದರೆ ಅವರ ಮಾತನ್ನು ಬರೆದಿಟ್ಟುಕೊಳ್ಳಿ, ಮಕ್ಕಳನ್ನು ಕರೆದೊಯ್ದು ಆ ಜಾಗವನ್ನು ತೋರಿಸಿ. ಮಳೆಗಾಲಕ್ಕೆ ಮುನ್ನ ಅಷ್ಟು ಕೆಲಸವಾದರೂ ಆಗಲಿ.