ಸಿಂಕಿನಲ್ಲಿ ಹೊಳೆದ ಕಡಲ ಬೆಳಕು

ಅಂಬಲಿ ಮೀನಿನ ಹೆಸರಿನಲ್ಲಿ ಮೀನಿದೆಯೇ ಹೊರತು ಅದು ಮೀನಲ್ಲ. ಎಲುಬಿಲ್ಲ, ಮಿದುಳಿಲ್ಲ, ಮೈಯ ಬಹುಪಾಲು ನೀರು. ಇಂಥದೊಂದು ಜೀವಿಯ ಬೆನ್ನು ಹತ್ತಿ ಜಪಾನಿನ ರಸಾಯನ ವಿಜ್ಞಾನಿ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್ ಎಂಬ ಪುಟ್ಟ ಬಂದರಿಗೆ ಬಂದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫ್ರಾಂಕ್ ಜಾನ್ಸನ್ ಜೊತೆಗಿದ್ದರು. ಅಲ್ಲಿನ ‘ಎಕ್ವೋರಿಯಾ’ ಎಂಬ ಅಂಬಲಿ ಮೀನನ್ನು ಕೆಣಕಿದರೆ ಅದರ ಕೊಡೆಯಂಥ ಮೈಯ ಅಂಚು ಹಸಿರಾಗಿ ಮಿನುಗುತ್ತದೆ. ಹೇಗೆ? ಅವರಿಗೆ ತಿಳಿಯಬೇಕಿದ್ದುದು ಇಷ್ಟೇ. ಯಾವ ರೋಗದ ಚಿಂತೆಯೂ ಅವರ ತಲೆಯಲ್ಲಿರಲಿಲ್ಲ.

ಬಲೆಯಲ್ಲಿ ಎತ್ತಿದ ಸಾವಿರಾರು ಜೀವಿಗಳ ಅಂಚನ್ನು ಕತ್ತರಿಸಿ, ಹಿಂಡಿ ರಸ ತೆಗೆದರು. ಮಿಂಚುಹುಳುವಿನಲ್ಲಿರುವಂಥ ಲೂಸಿಫೆರಿನ್ ಅದರಲ್ಲಿ ಇರಬಹುದೆಂದು ಹುಡುಕಿದರೆ, ಸಿಗಲಿಲ್ಲ. ಕೊನೆಗೆ ಶಿಮೊಮುರಾ, ಆಮ್ಲ ಬೆರೆಸಿ ಬೆಳಕನ್ನು ತಾತ್ಕಾಲಿಕವಾಗಿ ತಡೆದು ರಸ ತೆಗೆಯುವ ಉಪಾಯ ಹೂಡಿದರು. ಉಳಿದ ರಸವನ್ನು ಸಿಂಕಿಗೆ ಚೆಲ್ಲಿದ್ದೇ ತಡ, ನೀಲಿ ಬೆಳಕು ಫಳ್ಳನೆ ಹೊಳೆಯಿತು! ಪಕ್ಕದ ಅಕ್ವೇರಿಯಂನಿಂದ ತುಳುಕಿದ ಕಡಲ ನೀರು ಅದೇ ಸಿಂಕಿಗೆ ಹರಿಯುತ್ತಿತ್ತು. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಬೆಳಕನ್ನು ಹೊತ್ತಿಸಿತ್ತು. ಸುಮಾರು 10,000 ಅಂಬಲಿ ಮೀನುಗಳಿಂದ ಕೆಲವೇ ಮಿಲಿಗ್ರಾಂ ದೊರೆತ ಆ ಪ್ರೋಟೀನಿಗೆ ಎಕ್ವೋರಿನ್ ಎಂದು ಹೆಸರಾಯಿತು. ಹೃದಯದ ಸ್ನಾಯು ಮಿಡಿಯುವಾಗ ಅದರೊಳಗೆ ಕ್ಯಾಲ್ಸಿಯಂ ಏರಿಳಿಯುವುದನ್ನು ಅಳೆಯಲು ಮುಂದೆ ವೈದ್ಯ ಸಂಶೋಧಕರು ಇದನ್ನೇ ಬಳಸಿದರು.

ಒಗಟೊಂದು ಉಳಿದಿತ್ತು. ಪ್ರನಾಳದಲ್ಲಿ ನೀಲಿಯಾಗಿ ಬೆಳಗುವುದು ಕಡಲಲ್ಲಿ ಹಸಿರೇಕೆ? ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ರೋಹಿತ ವಿಜ್ಞಾನ ಇಲ್ಲಿ ಕೈಹಿಡಿಯಿತು. ಎಕ್ವೋರಿನ್‌ನ ಬೆಳಕು ಸುಮಾರು 470 ನ್ಯಾನೊಮೀಟರ್ ತರಂಗಾಂತರದ್ದು. ಜೀವಿಯದು 509ರ ಆಸುಪಾಸು. ನಡುವೆ ಇನ್ನೊಂದು ಪ್ರೋಟೀನು ಕುಳಿತು, ನೀಲಿಯ ಶಕ್ತಿಯನ್ನು ಪಡೆದು ಹಸಿರಾಗಿ ಮರಳಿಸುತ್ತಿತ್ತು. ಇದೇ ಇಂದು ಜಿಎಫ್‌ಪಿ ಎಂದು ಪ್ರಸಿದ್ಧವಾದ ಹಸಿರು ಪ್ರೋಟೀನು. ಇದರಲ್ಲಿ ಬಣ್ಣ ಕೊಡುವ ಭಾಗ ಯಾವುದೆಂದು ಶಿಮೊಮುರಾ 1979ರಲ್ಲಿ ತೋರಿಸಿದರು. ಬೇಸಿಗೆ ಬಂತೆಂದರೆ ಹೆಂಡತಿ, ಮಕ್ಕಳೂ ಅವರೊಂದಿಗೆ ಬಲೆ ಹಿಡಿಯುತ್ತಿದ್ದರು. ಹೀಗೆ ಹಿಡಿದ ಅಂಬಲಿ ಮೀನುಗಳ ಸಂಖ್ಯೆ ಎಂಟೂವರೆ ಲಕ್ಷದಷ್ಟು!

ಜಿಎಫ್‌ಪಿಯ ಬಣ್ಣ ಆ ಪ್ರೋಟೀನಿನೊಳಗೇ ತಾನಾಗಿ ರೂಪುಗೊಳ್ಳುತ್ತದೆ. ಹಾಗಾಗಿ ಅದರ ವಂಶವಾಹಿಯನ್ನು ಬೇರೊಂದು ಜೀವಕೋಶಕ್ಕೆ ಸೇರಿಸಿದರೆ ಆ ಕೋಶವೂ ಹಸಿರಾಗಿ ಬೆಳಗಬಲ್ಲದು. ಈ ವಂಶವಾಹಿಯನ್ನು 1992ರಲ್ಲಿ ಡಗ್ಲಾಸ್ ಪ್ರೇಷರ್ ಬೇರ್ಪಡಿಸಿಕೊಟ್ಟರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರಿಂದ ಬ್ಯಾಕ್ಟೀರಿಯಾ ಮತ್ತು ಹುಳುವಿನ ಕೋಶಗಳನ್ನು ಬೆಳಗಿಸಿದರು. ರೋಜರ್ ಚೆನ್ ಬೇರೆ ಬೇರೆ ಬಣ್ಣಗಳನ್ನು ಹೊರಡಿಸಿದರು. ಜೀವಂತ ಇಲಿಯೊಳಗೆ ಕ್ಯಾನ್ಸರ್ ಕೋಶ ಎತ್ತ ಹರಡುತ್ತಿದೆ ಎಂಬುದನ್ನು ಈಗ ಬೆಳಕಿನ ಜಾಡು ಹಿಡಿದು ನೋಡಬಹುದು. 2008ರ ರಸಾಯನ ವಿಜ್ಞಾನದ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಅವರ ಪಾಲಾಯಿತು. ವಂಶವಾಹಿಯನ್ನು ಬೇರ್ಪಡಿಸಿದ್ದ ಪ್ರೇಷರ್ ಆಗ ಕಾರು ಮಾರುವ ಮಳಿಗೆಯೊಂದರಲ್ಲಿ ಗ್ರಾಹಕರ ವ್ಯಾನು ಓಡಿಸುತ್ತಿದ್ದರು. ವಿಜ್ಞಾನದ ಪಾಲುಪಟ್ಟಿ ಸದಾ ನ್ಯಾಯವಾಗಿರುವುದಿಲ್ಲ, ಬಿಡಿ.

ಶಿಮೊಮುರಾ 2018ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕುಟುಂಬ ದಿನಕ್ಕೆ ಸಾವಿರಗಟ್ಟಲೆ ಹಿಡಿಯುತ್ತಿದ್ದ ಎಕ್ವೋರಿಯಾ, 1990ರ ಸುಮಾರಿಗೆ ಫ್ರೈಡೇ ಹಾರ್ಬರಿನ ನೀರಿನಲ್ಲಿ ವಿರಳವಾಗಿಬಿಟ್ಟಿತ್ತು. ಅವರು ಮೂವತ್ತು ವರ್ಷ ತಡವಾಗಿ ಬಂದಿದ್ದರೆ ಹಿಂಡಿ ರಸ ತೆಗೆಯುವಷ್ಟು ಅಂಬಲಿ ಮೀನು ಅಲ್ಲಿ ಸಿಗುತ್ತಿರಲಿಲ್ಲ.